ಬಲಭುಜದ ಮೆತ್ತೆ

ದರ್ಜಿಯ ಎಡಗೈ, ಸೂಜಿಯನ್ನು ಹಿಡಿದು, ಎಂದಿನಂತೆ ಪಕ್ಕಕ್ಕೆ ಚಾಚಿಕೊಂಡಿತು. ಕಣ್ಣು ಬಟ್ಟೆಯ ಮೇಲೆಯೇ ಇತ್ತು. ಆ ಪಕ್ಕದ ಸ್ಟೂಲಿನಲ್ಲಿ ಕುಳಿತು ಗುಂಡಿ ಹಚ್ಚುತ್ತ, ಕಾಜ ಹೊಲಿಯುತ್ತ, ಚಾಚಿದ ಸೂಜಿಗೆ ದಾರ ಪೋಣಿಸಿ ಮರಳಿಸುತ್ತಿದ್ದ ಹೆಂಡತಿ ತೀರಿಹೋಗಿ ಒಂದು ಚಳಿಗಾಲ ಕಳೆದಿತ್ತು. ಮನೆಗೆಲ್ಲ ಗೊತ್ತಾದ ಆ ಸುದ್ದಿ ಕೈಗೆ ಮಾತ್ರ ಇನ್ನೂ ತಲುಪಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ನಡುವಿನ ಬಾಗಿಲಲ್ಲಿ ನಿಂತಿದ್ದ ಮಗಳು ಇದನ್ನು ನೋಡಿದಳು.

"ಅಪ್ಪ, ಕೈ ಇಳಿಸು."

"ಮರಗಟ್ಟಿತ್ತು ಕಣಮ್ಮ, ಸ್ವಲ್ಪ ಚಾಚಿದೆ."

"ನನ್ನ ಹತ್ರ ಬೇಡ ಈ ನಾಟಕ. 'ಏನೂ ನೋವಿಲ್ಲ ಸಿಸ್ಟರ್' ಅನ್ನೋರನ್ನ ದಿನಾ ನೋಡ್ತೀನಿ."

ಅವಳು ದಾದಿ. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಮಕ್ಕಳ ವಾರ್ಡಿಗೆ ಕರೆದಿತ್ತು. ಓದುವ ಕಾಲದಿಂದಲೂ ಅವಳು ಬಯಸಿದ್ದ ಕೆಲಸ. ವಾರಾಂತ್ಯದೊಳಗೆ ಉತ್ತರ ಕೊಡಬೇಕಿತ್ತು. "ನೀನು ಹೀಗೇ ಇದ್ರೆ ನಾನು ಹೋಗಲ್ಲ" ಎಂದು ಅವಳು ಒಮ್ಮೆ ಮಾತ್ರ ಹೇಳಿದ್ದಳು. ಅಂದಿನಿಂದ ದರ್ಜಿಗೆ ಉಳಿದಿದ್ದ ಆಸೆ ಒಂದೇ: ಮಗಳು ಹೋಗಬೇಕು. ಅದಕ್ಕಾಗಿ ತಾನು ನೆಮ್ಮದಿಯಾಗಿದ್ದೇನೆಂದು ಅವಳಿಗೆ ಕಾಣಬೇಕು.

"ದೊಡ್ಡದೇನೂ ಬೇಡಪ್ಪ," ಎಂದಳು ಮಗಳು. "ದಿನಾ ಒಂದು ಸಣ್ಣ ಬದಲಾವಣೆ. ಲೋಟ ಬದಲಾಯಿಸು, ನಡೆಯೋ ದಾರಿ ಬದಲಾಯಿಸು, ಕೂರೋ ಜಾಗ ಬದಲಾಯಿಸು. ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ."

"ನಾಯಿ ಥರ ಬಾಲ ಅಲ್ಲಾಡಿಸ್ಕೊಂಡಾ?"

"ಹ್ಞೂ, ಬಾಲ ಅಲ್ಲಾಡಿಸ್ಕೊಂಡೇ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಮರುದಿನ ಅವನು ಹಿತ್ತಾಳೆಯ ಲೋಟವನ್ನು ಅಟ್ಟಕ್ಕೇರಿಸಿ ನೀಲಿ ಗಾಜಿನ ಲೋಟದಲ್ಲಿ ಚಹಾ ಕುಡಿದ. ತುಟಿ ಸುಟ್ಟುಕೊಂಡು, ಚೆನ್ನಾಗಿದೆ ಎಂದ. ಬೆಳಗಿನ ನಡಿಗೆಗೆ ಶಾಲೆಯ ಹಿಂದಿನ ಬೀದಿಯನ್ನು ಹಿಡಿದ. ಅಲ್ಲಿ ಅವನನ್ನು ಬಲ್ಲವರಿರಲಿಲ್ಲ, ಮರುಕದ ಮುಖಗಳಿರಲಿಲ್ಲ. ಆದರೂ ಅರ್ಧಕ್ಕೇ ಮರಳಿದ. ಹಳೆಯ ಬೀದಿಯಲ್ಲಿ ಹೆಂಡತಿ ಈಗ ಇರಲಿಲ್ಲ. ಈ ಹೊಸ ಬೀದಿಯಲ್ಲಿ ಅವಳು ಎಂದೂ ಇದ್ದವಳೇ ಅಲ್ಲ.

ಆಮೇಲೆ ಮಗಳು ಹೊಲಿಗೆಯ ಯಂತ್ರವನ್ನು ಗೋಡೆಯ ಬಳಿಯಿಂದ ಕಿಟಕಿಯ ಬಳಿಗೆ ಎಳೆಸಿದಳು. ಬೆಳಕು ಒಳ್ಳೆಯದೇ ಬಂತು. ಅಂದು ಮಧ್ಯಾಹ್ನ ಚಾಚಿದ ಕೈಗೆ ಕಿಟಕಿಯ ಗಾಜು ತಗುಲಿ ತಣ್ಣಗಾಯಿತು. ಮಗಳು ಒಳಗಿದ್ದುದರಿಂದ ನೋಡಲಿಲ್ಲ. ಅವನಿಗೆ ಅಷ್ಟೇ ಸಮಾಧಾನ.

ಎದುರಿನ ಕ್ಷೌರದಂಗಡಿಯವನು ಅವನ ಬಾಲ್ಯದ ಗೆಳೆಯ. ಅವನ ಕುರ್ಚಿಯಲ್ಲಿ ಕುಳಿತು ದರ್ಜಿ, "ಬೈತಲೆ ಈ ಸಲ ಬಲಗಡೆ ತೆಗಿ" ಎಂದ.

"ಏನಯ್ಯಾ, ಹೆಣ್ಣು ನೋಡೋಕೆ ಹೊರಟಿದ್ದೀಯಾ?"

"ಮಗಳ ಅಪ್ಪಣೆ. ಸಣ್ಣ ಸಣ್ಣದು ಬದಲಾದ್ರೆ ಸುಖ ಬರುತ್ತಂತೆ."

"ತಲೆಯಲ್ಲಿ ಬದಲಾಯಿಸೋಕೆ ಇರೋದೇ ನಾಲ್ಕು ಕೂದಲು," ಎಂದು ಗೆಳೆಯ ನೀರು ಚಿಮುಕಿಸಿ ಬಾಚಿದ. ಕೂದಲು ಬಲಕ್ಕೆ ಬಾಗಿ, ಒಂದು ಗಳಿಗೆ ನಿಂತು, ಒಣಗುತ್ತಿದ್ದಂತೆ ಮೆಲ್ಲಗೆ ಎಡಕ್ಕೇ ಮರಳಿತು. ಇನ್ನೊಮ್ಮೆ ಬಾಚಿದ, ಅದೇ ಕಥೆ. ಕನ್ನಡಿಯೊಳಗೆ ಇಬ್ಬರ ಕಣ್ಣುಗಳು ಕೂಡಿದವು. "ಜೀವಮಾನವೆಲ್ಲ ಹಾಗೇ ಮಲಗಿ ಅಭ್ಯಾಸ ಅದಕ್ಕೆ," ಎಂದ ಗೆಳೆಯ, ಈ ಬಾರಿ ನಗದೆ. "ಬಯ್ಯಬೇಡ ಪಾಪ."

ಕೊನೆಗೆ ಮಗಳೇ ಹೊಸದೊಂದನ್ನು ಹೇಳಿದಳು. "ಯಾವಾಗ್ಲೂ ಹಳೇದನ್ನೇ ರಿಪೇರಿ ಮಾಡ್ತೀಯ. ನನಗೊಂದು ಕೋಟು ಹೊಲಿದುಕೊಡು. ಆ ಊರಲ್ಲಿ ಚಳಿ ಜಾಸ್ತಿಯಂತೆ."

ಆ ಊರು ಎಂದಳಲ್ಲ! ದರ್ಜಿಯ ಎದೆ ಹಗುರಾಯಿತು. ಬೂದುಬಣ್ಣದ ಉಣ್ಣೆಯ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಸೀಮೆಸುಣ್ಣ ಕೈಗೆತ್ತಿಕೊಂಡ.

"ಅಳತೆ?" ಎಂದಳು ಮಗಳು.

"ಮನೆಯವರಿಗೆಂಥ ಅಳತೆ! ಹೋಗೇ."

ಟೇಪು ಸದಾ ಅವನ ಕೊರಳಲ್ಲಿರುತ್ತಿತ್ತು. ಅದು ಗಿರಾಕಿಗಳ ಪಾಲಿನದು. ಹೆಂಡತಿಗೂ ಮಗಳಿಗೂ ಅವನು ಎಂದೂ ಟೇಪು ಹಿಡಿದವನಲ್ಲ. ಕಣ್ಣು ನೋಡುತ್ತಿತ್ತು, ಕೈ ಕತ್ತರಿಸುತ್ತಿತ್ತು. ಅದು ಅವನ ಜಂಬ, ಅವನ ಅಕ್ಕರೆ. ಮೂರು ದಿನ ಅವನು ಗುನುಗುತ್ತ ಹೊಲಿದ. ಕೋಣೆಯಲ್ಲಿ ಯಂತ್ರದ ಸದ್ದು ಮತ್ತೆ ಮಾತಿನಂತೆ ಕೇಳಿಸಿತು. ಮಗಳು ಒಳಗಿನಿಂದಲೇ ಕೇಳಿ, ಆಸ್ಪತ್ರೆಗೆ ಒಪ್ಪಿಗೆ ತಿಳಿಸಲು ಫೋನು ಕೈಗೆತ್ತಿಕೊಂಡು, ಕೋಟು ತೊಟ್ಟ ಮೇಲೆಯೇ ಆಗಲಿ ಎಂದು ಕೆಳಗಿಟ್ಟಳು.

ಶುಕ್ರವಾರ ಸಂಜೆ ಅವಳು ಕೋಟನ್ನು ತೊಟ್ಟು ನಿಲುವುಗನ್ನಡಿಯ ಮುಂದೆ ನಿಂತಳು. ಕೊರಳು ಸರಿಯಾಗಿತ್ತು, ತೋಳು ಸರಿಯಾಗಿತ್ತು. ಬಲಭುಜ ಮಾತ್ರ ಎತ್ತರವಾಗಿ ನಿಂತಿತ್ತು, ಉತ್ತರ ತಿಳಿಯದೆ ಭುಜ ಹಾರಿಸಿದವರ ಹಾಗೆ. ಅವಳು ನೇರ ನಿಂತಳು, ಕುಲುಕಿದಳು, ಇಳಿಯಲಿಲ್ಲ. ಕೊನೆಗೆ ಅಸ್ತರಿನೊಳಗೆ ಬೆರಳಾಡಿಸಿದಳು.

"ಅಪ್ಪ, ಇಲ್ಲೊಂದು ಹತ್ತಿಯ ಮೆತ್ತೆ ಇದೆ. ಈ ಕಡೆ ಮಾತ್ರ ಯಾಕೆ?"

ದರ್ಜಿ ಹತ್ತಿರ ಬಂದು ಮುಟ್ಟಿದ. ಕೈ ಅಲ್ಲಿಯೇ ನಿಂತುಬಿಟ್ಟಿತು.

"ಅದು... ನಿನ್ನ ಅಮ್ಮನಿಗೆ ಇಡ್ತಿದ್ದೆ," ಎಂದ. "ಬಗ್ಗಿ ಬಗ್ಗಿ ಕಾಜ ಹೊಲಿದು ಅವಳ ಬಲಭುಜ ಇಳಿದುಹೋಗಿತ್ತು. ಆ ಕಡೆ ಮೆತ್ತೆ ಇಟ್ರೆ ಸಮ ಕಾಣ್ತಿತ್ತು."

"ಅಮ್ಮನ ಭುಜ ವಾರೆ ಇತ್ತಾ? ನಾನು ನೋಡೇ ಇಲ್ವಲ್ಲ!"

"ಯಾರೂ ನೋಡಬಾರದು ಅಂತಾನೇ ಹೊಲೀತಿದ್ದೆ."

ಮಗಳು ಕನ್ನಡಿಯಲ್ಲಿ ತನ್ನನ್ನೇ ನೋಡಿದಳು. ತಾಯಿಯ ಕೋಟಿನೊಳಗೆ ತಾಯಿಯಲ್ಲದ ಯಾರೋ. ಅಪ್ಪನ ಮೂರು ದಿನಗಳ ಗುನುಗು ಯಾರಿಗಾಗಿತ್ತೆಂದು ಅವಳಿಗೀಗ ತಿಳಿಯಿತು. ಸ್ಟೂಲಿನ ಮೇಲೆ ಕುಸಿದು ಕುಳಿತಳು. "ನಾನು ಹೋಗಲ್ಲಪ್ಪ. ನಿನ್ನ ಹೀಗೆ ಬಿಟ್ಟು ಹೇಗೆ ಹೋಗಲಿ?"

ಕಿಟಕಿಯ ಗಾಜಿನಲ್ಲಿ ಬೆಳಕು ಬೂದಿಯಾಗುತ್ತಿತ್ತು. ದರ್ಜಿ ಕೊರಳಿನಿಂದ ಟೇಪನ್ನು ತೆಗೆದ.

"ಏಳು. ನೇರ ನಿಂತ್ಕೋ."

"ಅಪ್ಪ..."

"ನೀನು ಇಲ್ಲೇ ಇದ್ರೆ ನಿನ್ನನ್ನ ನೋಡ್ತಾ ನೋಡ್ತಾ ಅವಳಿಗೇ ಹೊಲೀತಿರ್ತೀನಿ ಕಣಮ್ಮ. ನಿನಗೆ ಮೈಗೊಪ್ಪೋ ಬಟ್ಟೆ ಈ ಮನೇಲಿ ಹುಟ್ಟೋದೇ ಇಲ್ಲ. ಏಳು."

ಅವಳು ಕೋಟು ಬಿಚ್ಚಿಟ್ಟು ನಿಂತಳು. ಜೀವಮಾನದಲ್ಲಿ ಮೊದಲ ಬಾರಿಗೆ ಅಪ್ಪ ಅವಳ ಅಳತೆ ತೆಗೆದ: ಕೊರಳಿನ ಬುಡದಿಂದ ಎಡಭುಜದ ತುದಿ, ಕೊರಳಿನ ಬುಡದಿಂದ ಬಲಭುಜದ ತುದಿ. ಬಾಗಿಲ ಚೌಕಟ್ಟಿನ ಅಡ್ಡಗೆರೆಗೆ ಕಣ್ಣಳತೆ ಹಿಡಿದು, ಯಾರ ಸಾವನ್ನೋ ತಿಳಿಸುವವನ ದನಿಯಲ್ಲಿ ಹೇಳಿದ:

"ಸಮ ಇದೆ."

ಅಲ್ಲಿಯೇ ಕುಳಿತು ಭುಜದ ಹೊಲಿಗೆಯನ್ನು ಬಿಚ್ಚಿದ. ಅವನ ಹೊಲಿಗೆ ಗಟ್ಟಿ. ಒಂದೊಂದು ಎಳೆಯೂ ಹಟ ಹಿಡಿಯಿತು. ಹೊರಬಂದ ಮೆತ್ತೆಯನ್ನು ಮಗಳು ಅಂಗೈಯಲ್ಲಿಟ್ಟುಕೊಂಡಳು. ಸತ್ತ ಗುಬ್ಬಿಯಷ್ಟು ಹಗುರವಾಗಿತ್ತು.

ಆಸ್ಪತ್ರೆಗೆ ಒಪ್ಪಿಗೆ ತಿಳಿಸಿ ಅವಳು ಭಾನುವಾರ ಹೊರಟಳು. ಕೋಟು ಮೈಗೆ ಒಪ್ಪಿತ್ತು. ಬಸ್ಸು ತಿರುಗುವವರೆಗೂ ಅವಳ ಎರಡೂ ಭುಜಗಳು ಕಿಟಕಿಯಲ್ಲಿ ಸಮನಾಗಿ ಕಂಡವು. ದರ್ಜಿ ಅವನ್ನೇ ನೋಡುತ್ತ ನಿಂತ.

ಮರುದಿನ ಕ್ಷೌರದ ಗೆಳೆಯ ಒಳಬಂದು ಮೇಜಿನ ಮೇಲಿದ್ದ ಮೆತ್ತೆಯನ್ನು ಕಂಡ. "ಸೂಜಿ ಚುಚ್ಚಿಡೋಕೆ ಹೇಳಿ ಮಾಡಿಸಿದ ಹಾಗಿದೆಯಲ್ಲಯ್ಯ."

ದರ್ಜಿ ಅದನ್ನು ಎತ್ತಿ ಸ್ಟೂಲಿನ ಮೇಲಿಟ್ಟ.

"ಸರಿ ಬಿಡು. ಸುಖ ಬಂತಾ, ಅದು ಹೇಳು."

"ಕೋಟು ಸರಿಯಾಗಿ ಬಂತು."

ಗೆಳೆಯ ಹೊರಟುಹೋದ ಮೇಲೆ ಅವನು ಕೆಲಸಕ್ಕೆ ಕುಳಿತ. ದಾರ ಮುಗಿಯಿತು. ಕೈ ಸೂಜಿಯೊಡನೆ ಪಕ್ಕಕ್ಕೆ ಹೊರಟಿತು. ಅರ್ಧದಾರಿಯಲ್ಲಿ, ಏನನ್ನೋ ಕೇಳಿಸಿಕೊಂಡಂತೆ, ತಡೆಯಿತು. ಆಮೇಲೆ ತಾನೇ ಮರಳಿ ಬಂತು. ಅವನು ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದಾರದ ತುದಿಯನ್ನು ತುಟಿಗೆ ತಾಗಿಸಿ, ಕಣ್ಣು ಕಿರಿದಾಗಿಸಿದ. ದಾರ ಪಕ್ಕಕ್ಕೆ ಜಾರಿತು. ಮತ್ತೆ ಹಿಡಿದ.