ಹಳದಿ ಕೈಗವಸು

ಕೈ ಎತ್ತಿದ, ಗಾರ್ಥ್ ಕೈ ಎತ್ತಿದ, ಹಳದಿ ಕೈಗವಸು — ಇಲ್ಲ, ಟೋಪಿ ಸರಿಮಾಡಿಕೊಂಡ ಅಷ್ಟೇ, ನನ್ನ ಬೆರಳು ಆಗಲೇ ಲಿವರಿನ ಮೇಲೆ, ಇದನ್ನು ತಳ್ಳಿದರೆ ಹಿಂದೆ ಆಗರ್ ತಿರುಗುತ್ತದೆ, ಕೊಳವೆಯೊಳಗಿನ ಉಕ್ಕಿನ ಸುರುಳಿ ಗೋಧಿಯನ್ನು ಕಣಜದ ತಲೆಗೆ ಏರಿಸುತ್ತದೆ, ಗೋಧಿ ಯಾವುದು ಬೆರಳು ಯಾವುದು ಎಂದು ಅದು ಕೇಳುವುದಿಲ್ಲ. ನೀನು ಟ್ರಾಕ್ಟರಲ್ಲಿ ಕೂತ್ಕೊ ವೆರ್ನಾ, ಉಳಿದದ್ದು ನಮಗೆ ಬಿಡು, ಅಂದ ಬೆಳಿಗ್ಗೆ ಗಾರ್ಥ್, ಪಕ್ಕದ ಹೊಲದವನು, ಆರು ಕೊಯ್ಲು ಯಂತ್ರ ತಂದಿದ್ದಾರೆ ನೆರೆಯವರು, ಪೆಟ್ಟಾದವನ ಬೆಳೆ ಹೊಲದಲ್ಲಿ ನಿಲ್ಲಬಾರದಂತೆ, ಟ್ರಾಕ್ಟರ್ ಹತ್ತಲಾರೆ ಎನ್ನಲು ಬಾಯಿ ಬರಲಿಲ್ಲ, ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕಾಗುತ್ತದೆ. ಮೂರು ವಾರದ ಹಿಂದೆ ಇದೇ ಸೀಟು, ಇದೇ ಕನ್ನಡಿ, ಕನ್ನಡಿಯಲ್ಲಿ ನನ್ನ ಗಂಡ ಓರೆಸ್ಟ್, ಆಗರಿನ ಬಾಯಿಯ ಹತ್ತಿರ ಬಗ್ಗಿದ್ದಾನೆ, ಒದ್ದೆ ಗೋಧಿ ಗಂಟು ಕಟ್ಟಿದೆ, ಬಾಯಿಯ ಜಾಲರಿಯನ್ನು ಯಾವತ್ತೋ ಕಿತ್ತು ಎಸೆದಿದ್ದಾನೆ, ಪದೇ ಪದೇ ಕಟ್ಕೊಳ್ಳುತ್ತೆ ಹಾಳಾದ್ದು ಅಂತ, ನಾನೂ ಹೂಂ ಅಂದಿದ್ದೆ, ಇವತ್ತು ಬೆಳಿಗ್ಗೆ ಹಟ ಹಿಡಿದು ಹಾಕಿಸಿದೆ, ಮಧ್ಯಾಹ್ನಕ್ಕೆ ಗಾರ್ಥ್ ಮತ್ತೆ ತೆಗೆದ, ಈ ಗಂಡಸರಿಗೆ ಬುದ್ಧಿ ಬರುವುದು ಯಾವ ಕಾಲಕ್ಕೋ. ಕೈ ಎತ್ತಿದರೆ ಶುರು ಮಾಡು, ಇಪ್ಪತ್ತಾರು ವರ್ಷದಿಂದ ನಮ್ಮ ನಡುವೆ ಅಷ್ಟೇ ಮಾತು, ಇಂಜಿನ್ ಸದ್ದಿನಲ್ಲಿ ಇನ್ನೇನು ಕೇಳಿಸೀತು, ಅವತ್ತು ಓರೆಸ್ಟ್ ಎತ್ತಿದ, ತಳ್ಳಿದೆ. ಆಮೇಲೆ ಕಂಡದ್ದು ದಾರಿಯ ಧೂಳು, ಧೂಳಿನ ಮುಂದೆ ಗಾರ್ಥ್‌ನ ಪಿಕಪ್ — ಅವನಿಗೆ ಎತ್ತಿದ್ದು, ಅವನಿಗೆ, ದಾರಿಯಲ್ಲಿ ಗಾಡಿ ಹೋದರೆ ಕೈ ಎತ್ತದವನು ಇಲ್ಲಿ ಮನುಷ್ಯನೇ ಅಲ್ಲ, ಮಾತುಬಿಟ್ಟ ತಮ್ಮನಿಗೂ ನಮ್ಮಪ್ಪ ಎತ್ತುತ್ತಿದ್ದ — ಬಲಗೈ ಮೇಲೆ, ಎಡಗೈ ಇನ್ನೂ ಒಳಗೆ.

ನಾನೇ ಸನ್ನೆ ಮಾಡಿದ್ದು, ಕೈ ತೆಗೆದಿದೀನಿ ಅಂದ್ಕೊಂಡೆ, ನಂದೇ ಪೆದ್ದುತನ, ಆಸ್ಪತ್ರೆಯಲ್ಲಿ ವರದಿ ಬರೆದುಕೊಳ್ಳಲು ಬಂದವರಿಗೆ ಓರೆಸ್ಟ್ ಹಾಗೆ ಹೇಳಿದ, ಮಂಪರಿನಲ್ಲೂ ತಡವರಿಸದೆ, ನನ್ನ ಮುಖ ನೋಡದೆ. ನಾನು ತಲೆಯಾಡಿಸಿದೆ, ಹೇಡಿ. ಈಗ ಕಣಜದ ಪಕ್ಕ ನಮ್ಮ ಪಿಕಪ್ಪಿನಲ್ಲಿ ಕೂತಿದ್ದಾನೆ, ಅಂಗಿಯ ಖಾಲಿ ಎಡತೋಳು ಮಡಚಿ ಪಿನ್ ಚುಚ್ಚಿದವಳು ನಾನೇ, ಜೋಡಿಯಲ್ಲಿ ಉಳಿದ ಒಂದು ಹಳದಿ ಕೈಗವಸನ್ನು ಹಟಕ್ಕೆ ತೊಟ್ಟುಕೊಂಡಿದ್ದಾನೆ. ಅವತ್ತು ನಿನ್ನ ಗಂಡ ನಂಗೆ ಕೈ ಎತ್ತಿದ್ದ ಮಾರಾಯ್ತಿ, ಕಾಫಿ ಹಿಡ್ಕೊಂಡಿದ್ದೆ, ತಿರುಗಿ ಎತ್ತಲಿಲ್ಲ ನೋಡು, ಅಂದ ಗಾರ್ಥ್ ಊಟದ ಹೊತ್ತಿಗೆ, ಬಾಯಿ ತುಂಬ ಮೊಟ್ಟೆ ಸ್ಯಾಂಡ್‌ವಿಚ್, ಅದು ಯಾವ ಗಳಿಗೆ ಎಂದು ಅವನಿಗಿನ್ನೂ ಹೊಳೆದಿಲ್ಲ. ಬಗ್ಗಿದ್ದಾನೆ ಗಾರ್ಥ್, ಗಂಟು ಬಿಡಿಸುತ್ತಿದ್ದಾನೆ, ಈಗ ಎತ್ತಿದ, ಹೌದು, ಎತ್ತಿದ — ದಾರಿಯಲ್ಲಿ ಧೂಳು, ಯಾರದೋ ಲಾರಿ, ಲಾರಿಗೋ ನನಗೋ, ಇನ್ನೊಂದು ಕೈ ಎಲ್ಲಿ, ಇನ್ನೊಂದು ಎಲ್ಲಿ, ಇಂಜಿನ್ ಆರಿಸಿದೆ, ಬಾಗಿಲು ತೆಗೆದೆ, ಗಾರ್ಥ್, ಎರಡೂ ಕೈ ತೋರ್ಸು, ಕಿರುಚಿದ್ದು ನಾನೇ. ಏನಮ್ಮಾ ಇದು, ಪೊಲೀಸರ ಥರ, ನಗುತ್ತ ಎರಡೂ ಎತ್ತಿದ, ನಗು ಅರ್ಧಕ್ಕೆ ನಿಂತಿತು, ಧೂಳು ನೋಡಿದ, ಆಗರ್ ನೋಡಿದ, ನನ್ನನ್ನು ನೋಡಿದ, ಹೊಳೆಯಿತು ಅವನಿಗೆ, ಹೇಳಿಬಿಡುತ್ತೇನೆ, ಓರೆಸ್ಟ್ ಸುಳ್ಳು ಹೇಳಿದ್ದಾನೆ, ನನಗೋಸ್ಕರ, ತಳ್ಳಿದ್ದು ನಾನು, ಈಗಲೇ ಹೇಳುತ್ತೇನೆ — ಪಿಕಪ್ಪಿನ ಕಿಟಕಿಯಿಂದ ಓರೆಸ್ಟ್‌ನ ಕೈ ಹೊರಗೆ ಬಂದಿದೆ, ಲಾರಿಗೋ, ಸುಮ್ಮನಿರು ಎಂದು ನನಗೋ, ಈಗಲೂ ಗೊತ್ತಾಗುತ್ತಿಲ್ಲ, ಎತ್ತಿದ್ದು ಎತ್ತಿದ ಹಾಗೇ ಇದೆ, ಒಂದೇ ಕೈ, ಹಳದಿ ಕೈಗವಸು