ನೂರಾ ಇಪ್ಪತ್ತೆಂಟರ ಅರ್ಧ

"ಇವೆರಡನ್ನ ಹಿಂಗ ಪಕ್ಕಪಕ್ಕ ಇಟ್ಟ ನೋಡಬಾರ್ದ್ರಿ ಅಕ್ಕಾರ," ಎಂದು ಸಂಘಮಿತ್ರಾ ಮೇಜಿನ ಮೇಲಿದ್ದ ಹಳೆಯ ಪ್ರಮಾಣಪತ್ರವನ್ನು ಮೆಲ್ಲಗೆ ಒಂದು ಬದಿಗೆ ಸರಿಸಿದಳು.

ಗಂಗಾ ಅದನ್ನು ಮತ್ತೆ ಹೊಸ ಹಾಳೆಯ ಹತ್ತಿರಕ್ಕೇ ಎಳೆದುಕೊಂಡಳು. ಕಿತ್ತೂರು ರಸ್ತೆಯ ಈ ವಸತಿ ಸಾಯನ್ಸ್ ಕಾಲೇಜು ಸೇರಬೇಕೆನ್ನುವ ಮಕ್ಕಳಿಗೆಲ್ಲ ಹಿಂದಿನ ವಾರ ಒಂದು ಪರೀಕ್ಷೆ ನಡೆದಿತ್ತು. ನಡೆಸಿದವಳು ರಾಮದುರ್ಗದ ಕಡೆಯ ಈ ಸಂಘಮಿತ್ರಾ, ಮನಶ್ಶಾಸ್ತ್ರ ಓದಿದವಳು. ಹೊಸ ಹಾಳೆಯಲ್ಲಿ ಗಂಗಾಳ ಮಗಳು ಶೀತಲಳ ಹೆಸರಿನ ಮುಂದೆ ಎಂಬತ್ತೊಂದು ಎಂದಿತ್ತು. ಭಾವನ ಮಗ ನಿಂಗರಾಜನ ಮುಂದೆ ಅರವತ್ತನಾಲ್ಕು. ಹಳೆಯ ಪ್ರಮಾಣಪತ್ರವೂ ನಿಂಗರಾಜನದೇ. ಅದರ ಮೇಲೆ ಬಂಗಾರದ ಬಣ್ಣದಲ್ಲಿ ನೂರಾ ಇಪ್ಪತ್ತೆಂಟು ಎಂದು ಅಚ್ಚಾಗಿತ್ತು.

"ಅದು ಒಂಬತ್ತು ವರ್ಷದ ಹುಡುಗ ಇದ್ದಾಗ ಮಾಡಿದ್ದು. ಯಾವ ಪರೀಕ್ಷೆ ಅಂತನ ಬರದಿಲ್ಲ ಇದರಾಗ," ಎಂದಳು ಸಂಘಮಿತ್ರಾ. "ಬುದ್ಧಿ ಅಳೆಯೂ ಪರೀಕ್ಷೆ ಒಳಗ ನೂರು ಅಂದ್ರ ಸಾಮಾನ್ಯ ಹುಡುಗ ಅಂತ ಅರ್ಥ ರೀ. ನೂರಕ್ಕ ನೂರು ಅಂತಲ್ಲ."

"ಹಂಗಾರ ನೂರಾ ದಾಟೋದು ದೊಡ್ಡ ಮಾತಲ್ಲ?"

"ಅರ್ಧಕ್ಕರ್ಧ ಮಕ್ಕಳು ದಾಟತಾರ್ರಿ. ನೂರಾ ಇಪ್ಪತ್ತೆಂಟು ಬರೋದು ದೊಡ್ಡದ, ಪರೀಕ್ಷೆ ಸರಿ ಇದ್ದಿದ್ರ. ಇಲ್ಲಿ ಅರವತ್ನಾಕು ಅಂದ್ರ ಬ್ಯಾರೆ. ಪರೀಕ್ಷೆ ಬರದ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರ ಇವ ಅರವತ್ನಾಕು ಮಂದಿಗಿಂತ ಮುಂದ ಅದಾನ. ಹುಡುಗ ಚಲೋ ಅದಾನ್ರಿ."

"ನಮ್ಮ ಹುಡುಗಿಗಿ ಐದನೇ ಕ್ಲಾಸ್ ಮುಗದಮ್ಯಾಲೆ ಒಂದು ಪರೀಕ್ಷೆ ಒಳಗ ಎಪ್ಪತ್ಮೂರು ಬಿದ್ದಿತ್ರಿ."

"ಅವು ಬರೇ ಮಾರ್ಕ್ಸು. ಮೂರೂ ಬ್ಯಾರೆಬ್ಯಾರೆ."

ಬರೇ ಮಾರ್ಕ್ಸು ಎನ್ನುವ ಆ ಎಪ್ಪತ್ಮೂರನ್ನು ಐದು ವರ್ಷದಿಂದ ಗಂಗಾ ನುಂಗಿಕೊಂಡು ಬಂದಿದ್ದಳು. "ಅಂವ ನೂರಾ ಇಪ್ಪತ್ತೆಂಟು, ಈಕಿ ಎಪ್ಪತ್ಮೂರು," ಎಂದು ಮಾವ ಬಸಯ್ಯ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದು ಮನೆಯ ತೀರ್ಪೇ ಆಗಿಹೋಗಿತ್ತು. ಕಿಟಕಿಯ ಪಕ್ಕದ ಮೇಜು ನಿಂಗರಾಜನಿಗೆ, ಟ್ಯೂಶನ್ ನಿಂಗರಾಜನಿಗೆ. ಶೀತಲ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ರೊಟ್ಟಿ ಬಡಿಯುವ ಸಪ್ಪಳದಲ್ಲಿ ಓದಿಕೊಂಡಳು. ಈಗಲೂ ಅಷ್ಟೇ. ಇಬ್ಬರನ್ನೂ ಹೊರಗೆ ಕಳಿಸಿದರೆ ಮನೆ ಬಿಕೋ ಎನ್ನುತ್ತದೆ, ಒಬ್ಬರು ಹೋಗಲಿ, ಹುಡುಗಿಗೆ ಬೈಲಹೊಂಗಲದಲ್ಲೇ ಕಾಲೇಜಿದೆ ಎಂದು ಬಸಯ್ಯ ಹೇಳಿಯಾಗಿತ್ತು. ಶೀತಲಳನ್ನೂ ಪರೀಕ್ಷೆಗೆ ಕೂರಿಸಿದ್ದು ಗಂಗಾಳ ಹಟ.

"ಈ ಎರಡನ್ನಾದ್ರೂ ಪಕ್ಕಪಕ್ಕ ಇಡಬಹುದೇನ್ರಿ? ಎಂಬತ್ತೊಂದು, ಅರವತ್ನಾಕು?"

"ಇಡಬಹುದು. ಒಂದ ದಿನ, ಒಂದ ಪರೀಕ್ಷೆ. ಆದ್ರೂ ಇನ್ನೊಂದ ದಿನ ಬರದ್ರ ಒಂದೀಟು ಹೆಚ್ಚುಕಡಿಮಿ ಆಗಬಹುದು. ಅದನ್ನ ನೆಪ್ಪಿಡ್ರಿ."

ಅದನ್ನು ನೆನಪಿಡುವ ಮನಸ್ಸು ಗಂಗಾಳಿಗಿರಲಿಲ್ಲ. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಈ ಮಾತನ್ನು ಮನೆಯಲ್ಲಿ ಎಲ್ಲಿ ನಿಂತು ಹೇಳಬೇಕು, ಯಾರ ಮುಖ ನೋಡಿ ಹೇಳಬೇಕು ಎಂದು ಆಗಲೇ ಲೆಕ್ಕ ಹಾಕತೊಡಗಿದ್ದಳು.

ಬೇವಿನ ನೆರಳಲ್ಲಿ ಕಾಯುತ್ತಿದ್ದ ಮಕ್ಕಳಿಬ್ಬರೂ ಎದ್ದು ನಿಂತರು. ಶೀತಲ ಕೈ ಚಾಚಿ ಹಾಳೆ ಇಸಿದುಕೊಂಡು ಓದಿದಳು. ಮಡಚಿ ತಿರುಗಿ ಕೊಟ್ಟಳು. ನಿಂಗರಾಜ ಕೇಳಲೇ ಇಲ್ಲ. ಬಸ್ಸಿಗೆ ಕಾಯುತ್ತ ನಿಂತಾಗ, ಶೀತಲ ನೀರು ತರಲು ಅಂಗಡಿಗೆ ಹೋದ ಮೇಲೆ, ಅವನು ರಸ್ತೆಯನ್ನೇ ನೋಡುತ್ತ ಅಂದ:

"ಕಾಕಿ, ನಂದು ಕಡಿಮಿ ಬಂದೈತಿ ಹೌದಲ್ಲ?"

"ಅರವತ್ನಾಕು. ಚಲೋನ ಅಂತ."

"ನಂಗ ಸಾಯನ್ಸ್ ಬ್ಯಾಡಾಗೇತಿ. ಕಾಮರ್ಸ್ ತಗೊಂಡು ಮಧ್ಯಾಹ್ನ ಮ್ಯಾಲೆ ಕಾಕಾನ ಕೂಡ ಅಂಗಡಿ ನೋಡಕೋತೇನಿ. ಆದ್ರ ಅವ್ವಗ ಏನ ಹೇಳ್ತೀರಿ?"

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಮೇಲೆ ಗಂಗಾಳಿಗೆ ಬೇಡವೆಂದರೂ ಆ ವರ್ಷ ನೆನಪಾಯಿತು. ಭಾವ ಸಿದ್ಧಾರೂಢ ಸವದತ್ತಿ ರಸ್ತೆಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡ ವರ್ಷ. ಹುಡುಗನನ್ನು ಇಲ್ಲಿಟ್ಟುಕೊಂಡು ಅವನ ತಾಯಿ ಉಮಾಶ್ರೀಯನ್ನು ತವರು ಚಚಡಿಗೆ ಕಳಿಸಿದರೆ ಹೇಗೆ ಎಂದು ಪಡಸಾಲೆಯಲ್ಲಿ ಹಿರಿಯರು ಕೂತು ಮಾತಾಡಿದ್ದರು. ಒಳಗೆ ಚಹ ಸೋಸುತ್ತಿದ್ದ ಗಂಗಾಳಿಗೆ ಎಲ್ಲವೂ ಕೇಳಿಸಿತ್ತು. ಪಕ್ಕದಲ್ಲಿ ನಿಂತಿದ್ದ ಉಮಾಶ್ರೀಗೂ ಕೇಳಿಸಿತ್ತು. ಇಬ್ಬರೂ ಕೇಳದವರಂತೆ ಬಟ್ಟಲು ಜೋಡಿಸಿದ್ದರು. ಅದೇ ಮಳೆಗಾಲದಲ್ಲಿ ಯಾವುದೋ ಸಂಸ್ಥೆಯವರು ಶಾಲೆಗೆ ಬಂದು ಮಕ್ಕಳ ಬುದ್ಧಿ ಅಳೆದು ಹೋದರು. ನೂರಾ ಇಪ್ಪತ್ತೆಂಟು ಎಂದು ಬಂತು. "ನೂರಾ ದಾಟ್ಯಾನ ನನ್ನ ಮೊಮ್ಮಗ!" ಎಂದು ಬಸಯ್ಯ ಬೀಜ-ಗೊಬ್ಬರದ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ. ಅಂಥ ಮಗನ ತಾಯಿಯನ್ನು ಚಚಡಿಗೆ ಕಳಿಸುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಈ ದಿನ ಬೆಳಿಗ್ಗೆ ಉಮಾಶ್ರೀ ಆ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಗಾಳ ಕೈಗೆ ಕೊಟ್ಟಿದ್ದಳು. "ಇದನ್ನೂ ತೋರಸವ್ವಾ. ಏನರ ಕಡಿಮಿ ಬಿದ್ರ ಇದು ಉಪಯೋಗಕ್ಕ ಬರ್ತೈತಿ." ಜ್ವರವಿತ್ತು, ಇಲ್ಲದಿದ್ದರೆ ತಾನೇ ಬರುತ್ತಿದ್ದಳು.

ಮನೆ ಮುಟ್ಟಿದಾಗ ಬಸಯ್ಯ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಅಂಗಡಿಯಿಂದ ಊಟಕ್ಕೆ ಬಂದಿದ್ದ ಗಂಡ ಕಲ್ಮೇಶ ಕೈ ಒರೆಸಿಕೊಳ್ಳುತ್ತಿದ್ದ. ಉಮಾಶ್ರೀ ಸೆರಗು ಹೊದ್ದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಏನವಾ, ಎಷ್ಟ ಬಂತು?" ಎಂದ ಬಸಯ್ಯ.

"ಇಬ್ಬರಿಗೂ ಸೀಟ್ ಐತ್ರಿ ಮಾವಾರ."

"ಅದು ಸರಿ. ಎಷ್ಟೆಷ್ಟ ಬಂತು ಅದನ್ನ ಹೇಳ."

ಬಸ್ಸಿನುದ್ದಕ್ಕೂ ಹೊಂದಿಸಿಕೊಂಡ ಮಾತು ಗಂಗಾಳ ನಾಲಿಗೆಯ ಮೇಲೆ ನಿಂತುಬಿಟ್ಟಿತು. ಚೀಲದ ಬಾಯಿ ಹುಡುಕುವವಳಂತೆ ಕೈಯಾಡಿಸಿದಳು. ಅಷ್ಟರಲ್ಲಿ ಚಪ್ಪಲಿ ಬಿಡುತ್ತಿದ್ದ ಶೀತಲಳೇ, "ನಂದು ಎಂಬತ್ತೊಂದು, ಅಜ್ಜ. ನಿಂಗೂಂದು ಅರವತ್ನಾಕು," ಎಂದಳು.

ಬಸಯ್ಯ ಅಗಿಯುವುದನ್ನು ನಿಲ್ಲಿಸಿದ. ಜೀವನವೆಲ್ಲ ಲೆಕ್ಕ ಮಾಡಿದ ತಲೆ ಅದು, ಬೆರಳು ಮಡಚುವ ಅಗತ್ಯವಿರಲಿಲ್ಲ.

"ನೂರಾ ಇಪ್ಪತ್ತೆಂಟು ಇದ್ದದ್ದು ಅರವತ್ನಾಕು? ಬರೊಬ್ಬರಿ ಅರ್ಧ ಆತಲ್ಲೋ!" ಅವನು ಮೊಮ್ಮಗನನ್ನು ನೋಡಿದ. "ಏಳ ವರ್ಷದಾಗ ಅರ್ಧ ಬುದ್ಧಿ ಎಲ್ಲಿ ಕಳಕೊಂಡ್ಯೋ ಮಗನ? ಆ ಮೊಬೈಲ ಹಿಡಕೊಂಡು ಕುಂತ ಕುಂತ..."

ನಿಂಗರಾಜ ನೆಲ ನೋಡಿದ. ಉಮಾಶ್ರೀ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ಮುಖ ಚಹ ಸೋಸಿದ ಆ ದಿನ ಇದ್ದಂತೆಯೇ ಆಯಿತು. ಗಂಗಾ ಇಷ್ಟು ದಿನ ನೋಡಬೇಕೆಂದು ಹಂಬಲಿಸಿದ್ದು ಇದನ್ನೇ. ನೋಡಲಾಗಲಿಲ್ಲ.

"ಅರ್ಧ ಆಗಿಲ್ರಿ ಮಾವಾರ," ಎಂದಳು. ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಮಾವನೆದುರು ಅವಳು ಹೀಗೆ ಮಾತಾಡಿದವಳಲ್ಲ.

"ಮತ್ತೇನು? ಅರವತ್ನಾಕ ಎರಡ್ಲೆ ಎಷ್ಟ?"

"ಅದು ಬ್ಯಾರೆ ಅಳತಿ, ಇದು ಬ್ಯಾರೆ ಅಳತಿ. ನೀವು ಬೆಳಿಗಿ ಹೊಡಿಯೂ ಎಣ್ಣಿ ಔಷಧ ಲೀಟರಿನಾಗ ಕೊಡ್ತೀರಿ, ಗೊಬ್ಬರ ಕಿಲೋದಾಗ ಕೊಡ್ತೀರಿ. ಐದ ಲೀಟರ ಹೆಚ್ಚೋ ಮೂರ ಕಿಲೋ ಹೆಚ್ಚೋ ಅಂತ ಯಾರರ ಕೇಳಿದ್ರ ಏನಂತೀರಿ?"

"ಹುಚ್ಚ ಅಂತೇನಿ."

"ಹಂಗ ಐತ್ರಿ ಇದೂ. ಆ ಪರೀಕ್ಷೆ ಒಳಗ ನೂರು ಅಂದ್ರ ಸಾದಾ ಹುಡುಗ. ನಾವು ನೂರಕ್ಕ ನೂರು ಅಂತ ತಿಳಕೊಂಡಿವಿ. ಶೀತಲಂದು ಎಪ್ಪತ್ಮೂರು ಮಾರ್ಕ್ಸು, ಅದನ್ನ ತಗೊಂಡು ನೂರಾ ಇಪ್ಪತ್ತೆಂಟರ ಮುಂದ ಹಿಡಿದ್ವಿ. ಅಂದೂ ತಪ್ಪು, ಇಂದೂ ತಪ್ಪು. ಅಂವ ಇಳದಿಲ್ಲ, ಈಕಿ ಏರಿಲ್ಲ. ಇದ್ದಂಗ ಅದಾರ."

"ಹಂಗಾರ ಯಾರ ಶಾಣ್ಯಾರು, ಯಾರ ದಡ್ಡರು, ಹೆಂಗ ಗೊತ್ತಾಗಬೇಕು?" ಬಸಯ್ಯನ ದನಿಯಲ್ಲಿ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಿತ್ತು.

"ಇಬ್ಬರೂ ಒಂದ ದಿನ ಬರದದ್ದು ಇದೊಂದರಾಗ ಶೀತಲ ಮುಂದ ಅದಾಳ. ಆಕಿಗಿ ಹೋಗೂ ಆಶಾನೂ ಐತಿ. ಆಕಿನ್ನ ಕಳಸ್ರಿ. ನಿಂಗೂಗ ಏನ ಬೇಕು ಅಂತ ಅವನ್ನ ಕೇಳ್ರಿ. ಇಷ್ಟ ದಿನಾ ಯಾರೂ ಕೇಳೇ ಇಲ್ಲ."

ಕಲ್ಮೇಶ ಹೆಂಡತಿಯನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿ, "ಹುಡುಗ ಅಂಗಡ್ಯಾಗ ನಿಂತ್ರ ರೈತರು ಅವನ್ನ ಹುಡಕೊಂಡು ಬರ್ತಾರಪ್ಪಾ. ನನ್ನ ಕಡೆ ಬರೂದಿಲ್ಲ," ಎಂದ.

"ನಾ ಇಲ್ಲೇ ಕಾಮರ್ಸ್ ಓದತೇನಿ ಅಜ್ಜ," ಎಂದ ನಿಂಗರಾಜ. ಅಂದವನು ತಾಯಿಯ ಕಡೆ ತಿರುಗಿ ನೋಡಿದ. ಉಮಾಶ್ರೀ ಅಲ್ಲಿರಲಿಲ್ಲ.

ಬಸಯ್ಯ ಎದ್ದು ಎಲೆ ಉಗುಳಿ ಬಂದು, "ಹುಡುಗಿಗಿ ಮಲಗಾಕ ಗಾದಿ ಕೊಡ್ತಾರೋ, ನಾವ ಒಯ್ಯಬೇಕೋ ಕೇಳೀಯೇನು?" ಎಂದ. ಅದೇ ಒಪ್ಪಿಗೆ. ಅದಕ್ಕಿಂತ ಹೆಚ್ಚು ಅವನಿಂದ ಯಾರೂ ನಿರೀಕ್ಷಿಸಿರಲಿಲ್ಲ.

ಮುಂದಿನ ನಾಲ್ಕಾರು ದಿನ ಉಮಾಶ್ರೀ ಗಂಗಾಳ ಕೂಡ ಮಾತಾಡಲಿಲ್ಲ. ಜಗಳವೂ ಇರಲಿಲ್ಲ. ಜ್ವರ ಬಿಟ್ಟ ಮೇಲೆ ರೊಟ್ಟಿ ಮಾಡಿದಳು, ಹಿತ್ತಲು ಗುಡಿಸಿದಳು, ಗಂಗಾ ಎದುರು ಬಂದರೆ ಕೊಡ ಎತ್ತಿಕೊಂಡು ಹೊರಗೆ ನಡೆದಳು. ಗಂಗಾಳೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಎಂಬತ್ತೊಂದು ಎಂದು ತಾನು ಹೇಳಬೇಕಾದ ಮಾತನ್ನು ಮಗಳು ಹೇಳಿದ್ದಕ್ಕೆ ಅವಳಿಗೆ ಒಳಗೊಳಗೆ ಸಮಾಧಾನವಿತ್ತು. ಸಮಾಧಾನವಿದ್ದದ್ದಕ್ಕೆ ನಾಚಿಕೆಯೂ ಇತ್ತು.

ಶೀತಲ ಹೊರಡುವ ಮುನ್ನಾದಿನ ಸಂಜೆ, ಬಟ್ಟೆಗಳ ಮೇಲೆ ಗುರುತು ಹಾಕಬೇಕೆಂದು ಗಂಗಾ ಪಡಸಾಲೆಯಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಉಮಾಶ್ರೀ ಬಂದು ಎದುರು ಕೂತಳು. ಸೂಜಿ ಇಸಿದುಕೊಂಡು, ಒಂದೇ ಸಲಕ್ಕೆ ಪೋಣಿಸಿ, ಹೊದಿಕೆಯ ತುದಿಯನ್ನು ತೊಡೆಯ ಮೇಲೆಳೆದುಕೊಂಡು ಕೆಂಪು ದಾರದಲ್ಲಿ "ಶೀ" ಎಂದು ಹೊಲಿಯತೊಡಗಿದಳು. ಹೊರಗೆ ಅಂಗಡಿಯ ಕಡೆಯಿಂದ ನಿಂಗರಾಜ ಯಾರಿಗೋ ಸೋಯಾ ಬೀಜದ ಬಗ್ಗೆ ಹೇಳುತ್ತಿದ್ದ ದನಿ ಕೇಳುತ್ತಿತ್ತು.

"ಗಂಗಾ," ಎಂದಳು ಉಮಾಶ್ರೀ, ತಲೆ ಎತ್ತದೆ. "ಪರೀಕ್ಷೆ ಮಾಡಿದ ಆ ಬಾಯಾರು ನಮ್ಮ ನಿಂಗೂ ಶಾಣ್ಯಾ ಅದಾನ ಅಂದಾರೇನು?"

"ಅಂದಾರ ಅಕ್ಕಾ," ಎಂದಳು ಗಂಗಾ.

ಉಮಾಶ್ರೀ ಹೊದಿಕೆಯನ್ನು ಬಾಯಿಯ ಹತ್ತಿರ ತಂದು ದಾರ ಕಡಿದಳು. ಹೆಬ್ಬೆರಳಿನಿಂದ ಹೊಲಿಗೆಯನ್ನು ಒಮ್ಮೆ ಒತ್ತಿ ನೋಡಿ, ಇನ್ನೊಂದು ತುದಿಗೆ ಕೈ ಹಾಕಿದಳು.