ಹುಳದ ಮನೆಯ ಸರಪಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸ್ಕಿಜೋಫ್ರೇನಿಯಾ ಇರುವವರನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಅಂತ ಊರೂರು ಸುತ್ತಿ ಸಂಶೋಧನೆ ಮಾಡುವವಳಿಗೆ ಇದು ಒಳ್ಳೆಯ ಗುಣವಲ್ಲ, ಗೊತ್ತು. ಆದರೆ ಕುದೂರಿನಾಚೆಯ ಆ ಮನೆಯಲ್ಲಿ ಅನಂತರಾಜುವಿನ ಕಾಲಿಗೆ ಸರಪಳಿ ಬಿಗಿದು, ರೇಷ್ಮೆ ಹುಳ ಸಾಕುವ ಕೋಣೆಯ ಕಂಬಕ್ಕೆ ಕಟ್ಟಿದ್ದನ್ನು ಕಂಡ ದಿನ ಮೈಯೆಲ್ಲ ಉರಿದುಹೋಯಿತು.

ಅವನ ಅಣ್ಣ ಕೆಂಪರಾಜು ನನಗಿಂತ ಮುಂಗೋಪಿ. "ಬುಟ್ರೆ ಓಡೋಯ್ತಾನೆ ಮೇಡಂ. ಹೋದ್ಸಲ ಬಿಡದೀಲಿ ರೈಲ್ ಕಂಬಿ ಮೇಲೆ ಕುಂತಿದ್ದ. ನೀವ್ ಬಂದು ಕಾಯ್ತೀರಾ?"

ಅನಂತರಾಜುವಿನದು ಒಂದೇ ದೂರು: "ನನ್ನ ಊಟಕ್ಕೆ ಏನೋ ಬೆರಸ್ತಾರೆ." ಡಾಕ್ಟರು ಅದನ್ನೂ ಕಾಯಿಲೆಯ ಲಕ್ಷಣಕ್ಕೇ ಸೇರಿಸಿದ್ದರು.

ಎಷ್ಟೋ ಸಲ ಹೋಗಿ, ಕೂತು, ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಮಾತ್ರೆಯನ್ನು ಅವನೇ ತನ್ನ ಕೈಯಾರೆ ನುಂಗಬೇಕು. ಊಟಕ್ಕೆ ಯಾರೂ ಏನೂ ಹಾಕಬಾರದು. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡುವವರೆಗೆ ಅವನು ಗಲಾಟೆ ಮಾಡದಿದ್ದರೆ ಕೆಂಪರಾಜು ಸರಪಳಿ ಬಿಚ್ಚಬೇಕು. ತಾಯಿ ವೆಂಕಟಲಕ್ಷ್ಮಮ್ಮ ಮಗನ ತಲೆ ಮುಟ್ಟಿ ಆಣೆ ಮಾಡಿದರು.

ಅನಂತರಾಜು ಮಾತು ಉಳಿಸಿಕೊಂಡ. ಹುಳ ಚಂದ್ರಿಕೆಗೆ ಬಿಟ್ಟ ದಿನ ನಾನು ಹೋದಾಗ ಕೆಂಪರಾಜು ಗೊಣಗುತ್ತಲೇ ಬೀಗ ತೆಗೆದ. ಅಯ್ಯೋ, ಆ ಹುಡುಗ ಎದ್ದು ಅಂಗಳದ ತುಂಬ ಓಡಾಡಿದ್ದು ನೋಡಬೇಕಿತ್ತು! ಆದರೆ ಅವನ ಕೈ ವಿಪರೀತ ನಡುಗುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮಾತ್ರೆ ಹೆಚ್ಚಾದರೆ ಹೀಗಾಗುತ್ತದೆ.

"ಎಷ್ಟು ತಗೋತಿದೀಯಪ್ಪ?"

"ನೀವ್ ಹೇಳ್ದಷ್ಟೇ."

ಊಟದ ಹೊತ್ತಾಗಿತ್ತು. ನೀರು ಕೇಳಲು ಅವನು ಅಡುಗೆಮನೆಗೆ ಹೋದ, ಹಿಂದೆಯೇ ನಾನೂ ಹೋದೆ. ವೆಂಕಟಲಕ್ಷ್ಮಮ್ಮ ಲಟ್ಟಣಿಗೆಯಲ್ಲಿ ಮಾತ್ರೆ ಪುಡಿಮಾಡಿ ಅವನ ತಟ್ಟೆಯ ಸಾರಿಗೆ ಕಲೆಸುತ್ತಿದ್ದರು.

ಅವನು ಅರಚಿದ. ತಟ್ಟೆ ಕಿತ್ತುಕೊಂಡು ಗೋಡೆಗೆ ಬೀಸಿದ. ಬಿಸಿ ಸಾರು ತಾಯಿಯ ತೋಳಿಗೆ ಸಿಡಿದು, ಆಕೆ ಚೀರಿದರು.

ಕೆಂಪರಾಜು ಬಿದಿರು ದಬ್ಬೆ ಹಿಡಿದೇ ಒಳಗೆ ನುಗ್ಗಿದ. ಏನು, ಎತ್ತ ಅಂತ ಕೇಳಲಿಲ್ಲ. "ಅವ್ವನ್ನೇ ಸುಡ್ತೀಯೇನ್ಲಾ?" ಅಂತ ಬೆನ್ನಿಗೆ ಬಾರಿಸಿದ. ಕೂದಲು ಹಿಡಿದು ಹುಳದ ಕೋಣೆಗೆ ದರದರ ಎಳೆದುಕೊಂಡು ಹೋಗಿ ಕೆಡವಿದ. ಚಂದ್ರಿಕೆಗಳು ಉರುಳಿದವು. ಹಣ್ಣಾದ ಹುಳುಗಳು ಇಬ್ಬರ ಕಾಲಡಿ ಪಚಪಚ ಒಡೆದವು. ದಬ್ಬೆ ಮತ್ತೆ ಮತ್ತೆ ಬಿತ್ತು. ಅನಂತರಾಜುವಿನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು, ತುಟಿ ಒಡೆಯಿತು. ಅವನು ಒಂದು ಏಟನ್ನೂ ತಿರುಗಿ ಕೊಡಲಿಲ್ಲ.

ನಾನು ಅಡ್ಡ ನುಗ್ಗಿದೆ. ನನ್ನ ಭುಜಕ್ಕೂ ಒಂದು ಬಿತ್ತು. ಸಂಶೋಧನೆ ಹಾಳಾಗಿಹೋಗಲಿ ಅಂತ ಕೆಂಪರಾಜುವಿನ ಕೆನ್ನೆಗೆ ಪಟೀರನೆ ಬಿಟ್ಟೆ.

"ಅವನು ಹೇಳಿದ್ದು ನಿಜ ಕಣ್ರೀ! ನಿಮ್ಮ ಅವ್ವ ಸಾರಿಗೆ ಮಾತ್ರೆ ಬೆರೆಸ್ತಿದ್ರು. ಕಣ್ಣಾರೆ ನೋಡಿದೆ!"

ದಬ್ಬೆ ಗಾಳಿಯಲ್ಲೇ ನಿಂತಿತು. ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ಕುಸಿದರು. "ಅವನು ನುಂಗ್ದಂಗೆ ಮಾಡಿ ಉಗುದ್ಬುಟ್ರೆ ಅಂತ ಭಯ ಕಣ್ ಪ್ರತಿಮಮ್ಮ..." ಅಂದರು ನನಗೆ. ಮಗನ ಕಡೆ ತಿರುಗಿ, "ಇಸ ಅಲ್ಲ ಕಣಪ್ಪಾ, ನೋಡು!" ಅನ್ನುತ್ತ ಎದ್ದು ಅಡುಗೆಮನೆಗೆ ಓಡಿ, ನೆಲದಲ್ಲಿ ಬಿದ್ದಿದ್ದ ಮುದ್ದೆಯನ್ನು ಸಾರಿನ ಸಮೇತ ಬಾಚಿ ತಂದು, ಅವನೆದುರೇ ಬಾಯಿಗೆ ತುರುಕಿಕೊಂಡರು. ನಾನು ಕೈಗೆ ಹೊಡೆದು ಕೆಡವಿದೆ.

ಅನಂತರಾಜು ತಾಯಿಯನ್ನೇ ನೋಡಿದ. "ಇಸ ಅಂತ ನಾನ್ ಯಾವಾಗಂದೆ ಅವ್ವ? ನಂಗೇಳ್ದಲೆ ಹಾಕ್ತೀಯ ಅಂದೆ, ಅಷ್ಟೇಯ."

ಅವನು ಜೇಬಿನಿಂದ ಮಾತ್ರೆಯ ಶೀಟು ತೆಗೆದು ನನ್ನ ಕೈಗಿಟ್ಟ. ತೆವಳಿಕೊಂಡೇ ಕಂಬದ ಹತ್ತಿರ ಹೋಗಿ ಒರಗಿ ಕೂತು, ಕಾಲು ಚಾಚಿದ.

"ಹಾಕಣ್ಣ ಬೀಗವ."

ಕೆಂಪರಾಜು ಅಲುಗಾಡಲಿಲ್ಲ. "ಬೇಡ ಕಣೋ," ಅಂದೆ, ಅಳು ಬಂದುಬಿಟ್ಟಿತು. "ಇನ್ಮೇಲೆ ಹಾಗಾಗಲ್ಲ. ನಾನಿದೀನಿ."

ಅವನು ಸರಪಳಿಯನ್ನು ತಾನೇ ಎಳೆದು ಕಾಲಿಗೆ ಸುತ್ತಿಕೊಂಡ.

"ಇದ್ನ ನಂಗೆ ಹೇಳಿ ಹಾಕ್ತಾರಲ್ಲ ಮೇಡಂ. ಇದೇ ವಾಸಿ."